ಕಲ್ಲು ತಂದವರು ಯಾರು? ಕಾಂಗ್ಸ್‌ಫ್ಯೋರ್ಡಿನ ಹಿಮನದಿ ಮತ್ತು ನಮ್ಮ ಗುಡ್ಡಗಳು

(ದತ್ತಿ ಉಪನ್ಯಾಸದ ಲಿಖಿತ ರೂಪ)



ಬಿಸಿಲಿಗೇ ಹೆಸರಾದ ಈ ರಾಯಚೂರು ಜಿಲ್ಲೆಯಲ್ಲಿ ನಿಂತು ಹಿಮನದಿಯ ಮಾತೆತ್ತಿದರೆ ಕೇಳುವವರಿಗೆ ನಗು ಬರುವುದು ಸಹಜ. ನಗಲಿ. ನಮ್ಮ ಭೂಗೋಳದ ಪುಸ್ತಕಗಳಲ್ಲಿ ಹಿಮನದಿ ಅಂದರೆ ಪರೀಕ್ಷೆಗೆ ಎಂಟು ಅಂಕದ ಒಂದು ಪ್ರಶ್ನೆ. ಹುಡುಗರು ಅದನ್ನು ಬಾಯಿಪಾಠ ಮಾಡುತ್ತಾರೆ, ಬರೆಯುತ್ತಾರೆ, ಮರೆಯುತ್ತಾರೆ. ಆದರೆ ಕಲ್ಲಿನ ನಡುವೆ ಬೆಳೆದವರಿಗೆ ಹಿಮನದಿಯ ಭೂಗೋಳ ಅಷ್ಟೇನೂ ದೂರದ್ದಲ್ಲ ಎಂಬುದು ನನ್ನ ಅಭಿಪ್ರಾಯ. ಒಂದೇ ಪ್ರಶ್ನೆ ಹಿಡಿದುಕೊಂಡು ಹೊರಟರೆ ಅಲ್ಲಿಗೂ ಹೋಗಬಹುದು, ಇಲ್ಲಿಗೂ ಬರಬಹುದು: ಕಣ್ಣೆದುರಿನ ಈ ಕಲ್ಲು ಇಲ್ಲೇ ಹುಟ್ಟಿದ್ದೋ, ಬೇರೆ ಕಡೆಯಿಂದ ಬಂದದ್ದೋ? ಬಂದದ್ದಾದರೆ ತಂದವರು ಯಾರು?

ಮೊದಲು ದೂರದ ಊರನ್ನು ನೋಡೋಣ. ನಾನು ಅಲ್ಲಿಗೆ ಹೋದವನಲ್ಲ. ನಕ್ಷೆ, ಚಿತ್ರ, ವರದಿಗಳಿಂದ ತಿಳಿದವನು. ನಾರ್ವೆಯ ಉತ್ತರಕ್ಕೆ, ಉತ್ತರ ಧ್ರುವದಿಂದ ಸುಮಾರು 1,200 ಕಿ.ಮೀ. ಈಚೆಗೆ, ಸ್ವಾಲ್ಬಾರ್ಡ್ ಎಂಬ ದ್ವೀಪಸಮೂಹವಿದೆ. ಅದರಲ್ಲಿ ದೊಡ್ಡದು ಸ್ಪಿಟ್ಸ್‌ಬರ್ಗನ್. 1596ರಲ್ಲಿ ಡಚ್ ನಾವಿಕ ವಿಲ್ಲೆಮ್ ಬಾರೆಂಟ್ಸ್ ಅದರ ಚೂಪು ಶಿಖರಗಳನ್ನು ಕಂಡೇ ಆ ಹೆಸರಿಟ್ಟ. ಸ್ವಾಲ್ಬಾರ್ಡಿನ ನೆಲದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಇಂದಿಗೂ ಹಿಮನದಿಗಳ ಅಡಿಯಲ್ಲೇ ಇದೆ. ಅತಿ ಎತ್ತರದ ಶಿಖರ ನ್ಯೂಟನ್‌ಟಾಪನ್ 1,713 ಮೀಟರು. ನಮ್ಮ ಮುಳ್ಳಯ್ಯನಗಿರಿ ಅದಕ್ಕಿಂತ ಎತ್ತರ. ಬರೀ ಎತ್ತರದಿಂದ ಹಿಮ ನಿಲ್ಲುವುದಿಲ್ಲ, ಅಕ್ಷಾಂಶವೂ ಬೇಕು.

ಸ್ಪಿಟ್ಸ್‌ಬರ್ಗನ್ನಿನ ಪಶ್ಚಿಮ ದಂಡೆಯಲ್ಲಿ ಸಮುದ್ರ ಇಪ್ಪತ್ತಕ್ಕೂ ಹೆಚ್ಚು ಕಿ.ಮೀ. ಒಳಗೆ ನುಗ್ಗಿ ಒಂದು ಕಡಲಚಾಚು ಆಗಿದೆ. ಹೆಸರು ಕಾಂಗ್ಸ್‌ಫ್ಯೋರ್ಡ್. ಅದರ ದಕ್ಷಿಣ ದಡದಲ್ಲಿ, 78 ಡಿಗ್ರಿ 55 ಮಿನಿಟು ಉತ್ತರ ಅಕ್ಷಾಂಶದಲ್ಲಿ, ನ್ಯೂ-ಓಲೆಸುಂಡ್ ಎಂಬ ಪುಟ್ಟ ವಸತಿ. ರಾಯಚೂರು ಇರುವುದು 16 ಡಿಗ್ರಿ 12 ಮಿನಿಟಿನ ಆಸುಪಾಸಿನಲ್ಲಿ. ಅಕ್ಷಾಂಶದ ಲೆಕ್ಕ ಹಿಡಿದರೆ ನಮಗೂ ಅದಕ್ಕೂ ಏಳು ಸಾವಿರ ಕಿ.ಮೀ. ಅಂತರ. ಅಲ್ಲಿ ಅಕ್ಟೋಬರ್ ಕೊನೆಗೆ ಮುಳುಗಿದ ಸೂರ್ಯ ಮತ್ತೆ ಮುಖ ತೋರಿಸುವುದು ಫೆಬ್ರವರಿ ನಡುವಿಗೆ. ಆ ವಸತಿಯ ಮನೆಗಳ ನಡುವೆ ಒಂದು ಮನೆಗೆ ‘ಹಿಮಾದ್ರಿ’ ಎಂಬ ಹೆಸರಿದೆ. ಅದು ಆರ್ಕ್‌ಟಿಕ್ಕಿನಲ್ಲಿ ಭಾರತದ ಸಂಶೋಧನಾ ಕೇಂದ್ರ. 2007ರ ಮೊದಲ ತಂಡದ ಬೆನ್ನಿಗೆ 2008ರ ಜುಲೈಯಲ್ಲಿ ಶುರುವಾಯಿತು. ನಮಗೆ ಅಲ್ಲಿ ಕಾಲಿಡುವ ಹಕ್ಕು ಬಂದದ್ದು ಇನ್ನೂ ಹಿಂದೆ: 1920ರಲ್ಲಿ ಪ್ಯಾರಿಸ್ಸಿನಲ್ಲಿ ಸಹಿಯಾದ ಸ್ವಾಲ್ಬಾರ್ಡ್ ಒಪ್ಪಂದದಲ್ಲಿ, ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಭಾರತದ ಹೆಸರೂ ಇದೆ. ರಾಯಚೂರು ಆಗ ನಿಜಾಮರ ಸಂಸ್ಥಾನದಲ್ಲಿತ್ತು, ಅದು ಬೇರೆ ಮಾತು.

ಕಡಲಚಾಚಿನ ಒಳತುದಿಗೆ ಎರಡು ಹಿಮನದಿಗಳು ಬಂದು ಒಂದಾಗಿ ಸಮುದ್ರಕ್ಕೆ ಇಳಿಯುತ್ತವೆ. ಒಂದು ಕ್ರೋನೆಬ್ರೇನ್, ಇನ್ನೊಂದು ಕಾಂಗ್ಸ್‌ವೇಗನ್. ಒಂದೇ ಬಾಗಿಲಿನಿಂದ ಹೊರಬಂದರೂ ಇಬ್ಬರ ಸ್ವಭಾವ ಬೇರೆ ಬೇರೆ. ಕ್ರೋನೆಬ್ರೇನ್ ಸ್ವಾಲ್ಬಾರ್ಡಿನ ಅತಿ ವೇಗದ ಹಿಮನದಿಗಳಲ್ಲಿ ಒಂದು. ತುದಿಯ ಹತ್ತಿರ ಬೇಸಿಗೆಯಲ್ಲಿ ದಿನಕ್ಕೆ ಎರಡು ಮೀಟರಿನಷ್ಟು ಸರಿಯುತ್ತದೆ. ಕಾಂಗ್ಸ್‌ವೇಗನ್ 1948ರ ಸುಮಾರಿಗೆ ಒಮ್ಮೆ ಮೈಮೇಲೆ ಬಂದವರಂತೆ ಮುನ್ನುಗ್ಗಿ, ಆಮೇಲೆ ದಶಕಗಳ ಕಾಲ ವರ್ಷಕ್ಕೆ ಕೆಲವೇ ಮೀಟರು ಸರಿಯುತ್ತ ಸುಮ್ಮನಿತ್ತು. ಇಂಥ ನುಗ್ಗುವ ಹಿಮನದಿಗಳು ಸ್ವಾಲ್ಬಾರ್ಡಿನಲ್ಲಿ ಬಹಳ. ಮೇಲ್ಭಾಗದಲ್ಲಿ ಹಿಮ ಕೂಡುತ್ತ ಹೋಗುತ್ತದೆ, ಕೆಳಕ್ಕೆ ಸಾಗಿಸುವ ವೇಗ ಸಾಲುವುದಿಲ್ಲ. ಇಳಿಜಾರು ಕಡಿದಾಗುತ್ತ, ತಳದಲ್ಲಿ ನೀರಿನ ಒತ್ತಡ ಏರುತ್ತ, ಒಂದು ದಿನ ಇಡೀ ರಾಶಿ ಜಾರಲು ತೊಡಗುತ್ತದೆ.

ಈ ಹಿಮದ ಹಿಂದೆ, ಬಿಳಿಯ ಬಯಲಿನ ನಡುವಿನಿಂದ ಮೂರು ಶಿಖರಗಳು ಎದ್ದು ನಿಂತಿವೆ. ಮೂರು ಕಿರೀಟಗಳು ಎಂದು ಹೆಸರು. ಸ್ವೇಯಾ, ನೋರಾ, ದಾನಾ: ಸ್ವೀಡನ್, ನಾರ್ವೆ, ಡೆನ್ಮಾರ್ಕ್ ಮೂರು ದೇಶಗಳಿಗೆ ಒಂದೊಂದು. ಎರಡು 1,225 ಮೀಟರಿನ ಸುಮಾರಿಗೆ, ಒಂದು ಸ್ವಲ್ಪ ಗಿಡ್ಡ. ಬುಡದಲ್ಲಿ ಕೆಂಪು ಮರಳುಗಲ್ಲು, ಅದರ ಮೇಲೆ ಹಳದಿ ಛಾಯೆಯ ಸುಣ್ಣಕಲ್ಲು. ಪದರಗಳು ಅಡ್ಡಗೆರೆ ಎಳೆದಷ್ಟು ಸ್ಪಷ್ಟ. ನಾಲ್ಕೂ ಕಡೆಯಿಂದ ಹಿಮ ಕೊರೆದು ತಿಂದು ಉಳಿಸಿದ್ದರಿಂದ ಅವು ಗೋಪುರದಾಕಾರ ಪಡೆದಿವೆ.

ಈಗ ಸ್ವಲ್ಪ ಇತ್ತ ಬನ್ನಿ. ರಾಯಚೂರಿನಿಂದ ಮಾನ್ವಿಗೋ ದೇವದುರ್ಗಕ್ಕೋ ಹೋಗುವಾಗ ಬಸ್ಸಿನ ಕಿಟಕಿಯಿಂದ ಏನು ಕಾಣುತ್ತದೆ? ಹತ್ತಿ, ತೊಗರಿ, ಜೋಳ, ಕಾಲುವೆ ನೀರು ಮುಟ್ಟಿದಲ್ಲಿ ಭತ್ತ. ಸಪಾಟು ಎರೆ ಹೊಲಗಳ ನಡುವೆ ಇದ್ದಕ್ಕಿದ್ದಂತೆ ಒಂದು ಕಲ್ಲುಗುಡ್ಡ. ಅದರ ಬುಡಕ್ಕೆ ಬಂದಂತೆ ಎರೆ ಕಳೆದು ಮಸಾರಿ, ಮಸಾರಿ ಕಳೆದು ಗರಸು, ಗರಸಿನ ಮೇಲೆ ಬಂಡೆ, ಬಂಡೆಯ ಮೇಲೆ ಗುಂಡು. ಕೃಷ್ಣೆ ತುಂಗಭದ್ರೆಯರ ನಡುವಿನ ಈ ಎಡೆದೊರೆ ನಾಡಿನಲ್ಲಿ ಇಂಥ ಒಂಟಿ ಗುಡ್ಡಗಳಿಗೆ ಲೆಕ್ಕವಿಲ್ಲ. ದೂರದಿಂದ ನೋಡಿದರೆ ಮೂರು ಕಿರೀಟಗಳಂತೆ ಇವೂ ದ್ವೀಪಗಳೇ. ಅಲ್ಲಿ ಸುತ್ತ ಹಿಮ, ಇಲ್ಲಿ ಸುತ್ತ ಮಣ್ಣು. ಹತ್ತಿರ ಹೋದರೆ ಕಸುಬಿನ ವ್ಯತ್ಯಾಸ ತಿಳಿಯುತ್ತದೆ.

ನಮ್ಮ ಕಲ್ಲು ಗ್ರಾನೈಟು ಮತ್ತು ಅದರ ಬಳಗದ ನೈಸ್. ವಯಸ್ಸು ಸುಮಾರು 250 ಕೋಟಿ ವರ್ಷ, ಕೆಲವು ಕಡೆ ಅದಕ್ಕಿಂತಲೂ ಹೆಚ್ಚು. ಭೂಮಿಯ ಆಳದಲ್ಲಿ ಕುದಿದು ತಣಿದ ಈ ಕಲ್ಲು, ಮೇಲಿನ ಭಾರ ಸವೆದು ಹೋದಂತೆ ಹಿಗ್ಗಿ ಬಿರುಕು ಬಿಟ್ಟಿತು. ಬಿರುಕುಗಳು ಮೂರು ದಿಕ್ಕಿನಲ್ಲಿ ಸಾಗಿ ಬಂಡೆಯನ್ನು ಪೆಟ್ಟಿಗೆಗಳಂತೆ ಹೋಳು ಮಾಡಿದವು. ಮಳೆನೀರು ಆ ಬಿರುಕುಗಳಲ್ಲಿ ಇಳಿದು ಫೆಲ್ಡ್‌ಸ್ಪಾರ್ ಖನಿಜವನ್ನು ಜೇಡಿಯಾಗಿ ಮಾಡುತ್ತ ಹೋಯಿತು. ಹೋಳಿನ ಮುಖಕ್ಕೆ ನೀರು ಒಂದೇ ಕಡೆಯಿಂದ ತಗಲುತ್ತದೆ, ಅಂಚಿಗೆ ಎರಡು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ಮಳೆಗಾಲದಲ್ಲಿ ಬೆಲ್ಲದ ಅಚ್ಚು ಮೊದಲು ಮೂಲೆಗಳಲ್ಲಿ ನೀರೊಡೆದು ದುಂಡಗಾಗುವಂತೆ, ಕಲ್ಲೂ ಮಣ್ಣೊಳಗೇ ದುಂಡಗಾಯಿತು. ಆಮೇಲೆ ಎಷ್ಟೋ ಕಾಲದ ಮಳೆಗಳು ಸುತ್ತಲ ಗರಸನ್ನು ಕೊಚ್ಚಿಕೊಂಡು ಹೋದಾಗ ಗುಂಡುಗಳು ಒಂದರ ಮೇಲೊಂದು ಕೂತು ಹೊರಬಿದ್ದವು. ಯಾರೂ ತಂದು ಪೇರಿಸಿದ್ದಲ್ಲ. ಭೀಮ ಎತ್ತಿಟ್ಟ, ರಾಕ್ಷಸರು ಎಸೆದರು ಎಂಬ ಕಥೆಗಳು ಊರೂರಿಗೆ ಇವೆ. ಕಲ್ಲು ಹೊರಗಿನಿಂದ ಬಂತೆಂದು ನಂಬಲು ಮನಸ್ಸು ಎಷ್ಟು ಬೇಗ ಒಪ್ಪುತ್ತದೆ ಎಂಬುದಕ್ಕೆ ಅವೇ ಸಾಕ್ಷಿ.

ಪಂಡಿತರೂ ಇದರಿಂದ ತಪ್ಪಿಸಿಕೊಂಡಿಲ್ಲ. ಯುರೋಪಿನ ಬಹುಪಾಲು ನೆಲ ಒಂದು ಕಾಲದಲ್ಲಿ ಹಿಮದಡಿಯಲ್ಲಿತ್ತು ಎಂದು 1840ರಲ್ಲಿ ಪುಸ್ತಕ ಬರೆದು ಜಗತ್ತನ್ನು ಒಪ್ಪಿಸಿದವರು ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ. ಅದೇ ಅಗಾಸಿ 1865ರಲ್ಲಿ ಬ್ರೆಜಿಲ್ಲಿಗೆ ಹೋದರು. ರಿಯೋ ನಗರದ ಬಳಿ ಕೆಂಪು ಮಣ್ಣಿನಲ್ಲಿ ಹೂತ ದುಂಡು ಗುಂಡುಗಳನ್ನು ಕಂಡು ಇಲ್ಲೂ ಹಿಮನದಿ ಹರಿದಿತ್ತು ಎಂದು ಸಾರಿದರು. ಅವು ಬಿಸಿಲು ಮಳೆಗಳು ಇದ್ದಲ್ಲೇ ದುಂಡಗೆ ಮಾಡಿದ ಗುಂಡುಗಳೆಂದು ಆಮೇಲಿನವರು ತೋರಿಸಿಕೊಟ್ಟರು. ಅಗಾಸಿ ಬ್ರೆಜಿಲ್ ಬಿಟ್ಟು ರಾಯಚೂರಿಗೆ ಬಂದಿದ್ದರೂ ಅದೇ ಮಾತು ಹೇಳುತ್ತಿದ್ದರೇನೋ. ಇಲ್ಲಿನ ಒಬ್ಬ ಕಲ್ಲುಕುಟಿಗನನ್ನು ಜೊತೆಗೆ ಕರೆದುಕೊಂಡಿದ್ದರೆ ಸಾಕಿತ್ತು. ಗುಂಡೂ ಅದರಡಿಯ ಬಂಡೆಯೂ ಒಂದೇ ಜಾತಿ, ಒಂದೇ ಎಳೆ ಎಂದು ಆತ ಸುತ್ತಿಗೆಯ ಒಂದು ಏಟಿನಲ್ಲಿ ಹೇಳುತ್ತಿದ್ದ.

ಹಿಮನದಿ ತಂದ ಕಲ್ಲಿಗೆ ಗುರುತುಗಳು ಬೇರೆ. ಅದು ಕೂತ ನೆಲದ ಜಾತಿಗೆ ಸೇರಿರುವುದಿಲ್ಲ. ಹಿಮದ ತಳದಲ್ಲಿ ಸಿಕ್ಕಿ ಉಜ್ಜಿಕೊಂಡು ಬಂದದ್ದರಿಂದ ಒಂದೆರಡು ಮುಖ ಚಪ್ಪಟೆಯಾಗಿ, ಅದರ ಮೇಲೆ ಒಂದೇ ದಿಕ್ಕಿನ ಗೀರುಗಳಿರುತ್ತವೆ. ಅದಕ್ಕಿಂತ ದೊಡ್ಡ ಗುರುತು ಅದರ ಸಹವಾಸ. ನದಿ ಜಾಣ ವ್ಯಾಪಾರಿ: ದಪ್ಪದ್ದನ್ನು ಒಂದು ಕಡೆ, ಮರಳನ್ನು ಇನ್ನೊಂದು ಕಡೆ, ಹೂಳನ್ನು ಮತ್ತೊಂದು ಕಡೆ ಬೇರ್ಪಡಿಸಿ ಹಾಕುತ್ತದೆ. ಕೃಷ್ಣೆಯ ದಂಡೆಯಲ್ಲಿ ಮರಳು ತುಂಬುವವರಿಗೆ ಯಾವ ತಿರುವಿನಲ್ಲಿ ಯಾವ ಕಾಳಿನ ಮರಳು ಎಂಬುದು ಅಂಗೈ ರೇಖೆಯಷ್ಟು ಪರಿಚಿತ. ಹಿಮನದಿಗೆ ಆ ವಿವೇಚನೆ ಇಲ್ಲ. ಹಿಟ್ಟಿನಂಥ ಮಣ್ಣನ್ನೂ ಆನೆಗಾತ್ರದ ಬಂಡೆಯನ್ನೂ ಒಟ್ಟಿಗೇ ಹೊತ್ತು ತಂದು, ಕರಗಿದ ಜಾಗದಲ್ಲಿ ಕಲಸಿದಂತೆಯೇ ಬಿಟ್ಟು ಹೋಗುತ್ತದೆ.

ಹಾಗಾದರೆ ರಾಯಚೂರಿನಲ್ಲಿ ತಂದ ಕಲ್ಲೇ ಇಲ್ಲವೆ? ಇದೆ, ನೀವೆಲ್ಲ ನೋಡಿದ್ದೀರಿ. ಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ್ಯರೆಡ್ಡಿ ಈ ಕೋಟೆ ಕಟ್ಟಿಸಿದ್ದನ್ನು 1294ರ ತೆಲುಗು ಶಾಸನ ಅದರ ಮೇಲೆಯೇ ಹೇಳುತ್ತದೆ. ನನಗೆ ಶಾಸನಕ್ಕಿಂತ ಹೆಚ್ಚು ಪ್ರಿಯವಾದದ್ದು ಪಕ್ಕದಲ್ಲಿ ಗೀರಿ ಬಿಡಿಸಿದ ಚಿತ್ರ. ಕಲ್ಲನ್ನು ಬಂಡಿಯ ಮೇಲೆ ಹೇರಿದ್ದಾರೆ. ಮುಂದೆ ಕೋಣಗಳ ಉದ್ದ ಸಾಲು. ಹುರಿದುಂಬಿಸಿ ಹೊಡೆಯುವ ಜನ. ಗಾಲಿ ಹಿಂದಕ್ಕೆ ಉರುಳದಂತೆ ಹಿಂದಿನಿಂದ ಅಡೆ ಕೊಡುತ್ತಿರುವ ಆಳುಗಳು. ಶಾಸನಗಳಲ್ಲಿ ಕಟ್ಟಿಸಿದವನ ಹೆಸರು ಎಲ್ಲ ಕಡೆ ಸಿಗುತ್ತದೆ. ಸಾಗಿಸಿದ ಬಗೆಯನ್ನು ಚಿತ್ರವಾಗಿ ದಾಖಲಿಸಿದ್ದು ಅಪರೂಪ. ಜಗತ್ತಿನ ಎಷ್ಟೋ ಹಿಮನದಿಗಳು ಇದಕ್ಕಿಂತ ದೊಡ್ಡ ಬಂಡೆಗಳನ್ನು ಹೊತ್ತಿವೆ, ಆದರೆ ಯಾವುದೂ ಇಷ್ಟು ಚೊಕ್ಕಟವಾಗಿ ದಾರಿಯ ವರದಿ ಬರೆದಿಟ್ಟಿಲ್ಲ. ಕೋಟೆಯ ಗೋಡೆಗೆ ಬೆನ್ನು ಕೊಟ್ಟು ಸೆಲ್ಫಿ ತೆಗೆದುಕೊಳ್ಳುವ ಹುಡುಗರು ಒಮ್ಮೆ ತಿರುಗಿ ಆ ಕೋಣಗಳನ್ನೂ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಕಾಂಗ್ಸ್‌ಫ್ಯೋರ್ಡಿನಲ್ಲಿಯೂ ಒಬ್ಬ ಕಲ್ಲು ಸಾಗಿಸಲು ಹೋದ. ಅರ್ನೆಸ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಇಂಗ್ಲಿಷ್ ಸಾಹಸಿ. ಕಡಲಚಾಚಿನ ಉತ್ತರ ಬದಿಯ ಬ್ಲೂಮ್‌ಸ್ಟ್ರಾಂಡಿನಲ್ಲಿ ಅಮೃತಶಿಲೆ ಕಂಡು, 1911ರ ಹೊತ್ತಿಗೆ ಗಣಿ ಶುರು ಮಾಡಿದ. ಆವಿಯಂತ್ರ, ಕ್ರೇನು, ಹಳಿ, ಕೆಲಸಗಾರರ ಮನೆ ಎಲ್ಲ ಹಡಗಿನಲ್ಲಿ ಬಂದವು. ಕಲ್ಲು ನೋಡಲು ಚೆನ್ನಾಗಿಯೇ ಇತ್ತು. ಆದರೆ ಸಾವಿರಾರು ವರ್ಷಗಳ ಕಾಲ ಅದರ ಸಣ್ಣ ಸಣ್ಣ ಬಿರುಕುಗಳಲ್ಲಿ ನೀರು ಹೆಪ್ಪುಗಟ್ಟಿ ಕರಗಿ ಹೆಪ್ಪುಗಟ್ಟಿ ಒಳಗಿಂದೊಳಗೆ ಒಡೆದಿತ್ತು. ಹಿಡಿದಿಟ್ಟಿದ್ದು ಆ ಹಿಮವೇ. ಬೆಚ್ಚಗಿನ ಊರಿಗೆ ಹೋದಾಗ ಕಲ್ಲು ಪುಡಿಪುಡಿಯಾಯಿತು. ವ್ಯಾಪಾರ ಮುಳುಗಿತು. ತುಕ್ಕು ಹಿಡಿದ ಯಂತ್ರಗಳು ಇಂದಿಗೂ ಅಲ್ಲೇ ನಿಂತಿವೆ. ನಮ್ಮ ಕೋಣಗಳು ಎಳೆದ ಕಲ್ಲು ಏಳುನೂರು ವರ್ಷದ ಬಿಸಿಲಿಗೂ ಜಗ್ಗದೆ ನಿಂತಿರುವಾಗ ಮ್ಯಾನ್ಸ್‌ಫೀಲ್ಡನ ಕಥೆ ಕೇಳಿ ಸ್ವಲ್ಪ ಜಂಬಪಟ್ಟರೆ ತಪ್ಪಿಲ್ಲ.

ಇಲ್ಲಿಯವರೆಗೆ ಹೋಲಿಕೆ ಹೇಳಿದೆ. ಈಗ ಸಂಬಂಧದ ಮಾತು, ಅದೂ ತಂದ ಕಲ್ಲಿನದೇ. ಕೃಷ್ಣೆಯ ದಡದ ಶಕ್ತಿನಗರಕ್ಕೆ ದಿನವೂ ಗೂಡ್ಸ್ ರೈಲುಗಳಲ್ಲಿ ಕಲ್ಲಿದ್ದಲು ಬರುತ್ತದೆ. 1985ರಲ್ಲಿ ಮೊದಲ ಘಟಕ ಶುರುವಾದ ರಾಯಚೂರು ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ ಈಗ 1,720 ಮೆಗಾವ್ಯಾಟ್. ಕಲ್ಲಿದ್ದಲು ತೆಲಂಗಾಣದ ಸಿಂಗರೇಣಿಯಿಂದ, ಮಹಾರಾಷ್ಟ್ರದ ಕಡೆಯಿಂದ, ಒಡಿಶಾದ ಗಣಿಗಳಿಂದ ಬರುತ್ತದೆ. ಆ ಗಣಿಗಳ ತಳದಲ್ಲಿ ಏನಿದೆ? 1856ರಲ್ಲಿ ಒಡಿಶಾದ ತಾಲ್ಚೇರ್ ಪ್ರದೇಶ ಅಳೆಯಲು ಹೋದ ಭೂವಿಜ್ಞಾನಿಗಳು, ವಿಲಿಯಂ ಮತ್ತು ಹೆನ್ರಿ ಬ್ಲಾನ್‌ಫೋರ್ಡ್ ಸಹೋದರರು, ಜೊತೆಗೆ ಥಿಯೋಬಾಲ್ಡ್, ಕಲ್ಲಿದ್ದಲಿನ ಪದರಗಳಿಗಿಂತ ಕೆಳಗೆ ಒಂದು ವಿಚಿತ್ರ ಪದರ ಕಂಡರು: ನುಣುಪಾದ ಹಸಿರು ಹೂಳಿನಲ್ಲಿ ದೊಡ್ಡ ದೊಡ್ಡ ಗುಂಡುಗಳು. ಹೂಳು ತಂಗುವಷ್ಟು ಮಂದ ನೀರಿಗೆ ಗುಂಡು ಹೊರುವ ಬಲವಿಲ್ಲ. ಗುಂಡು ಉರುಳಿಸುವ ನೀರಿನಲ್ಲಿ ಹೂಳು ನಿಲ್ಲುವುದಿಲ್ಲ. ಎರಡನ್ನೂ ಒಟ್ಟಿಗೆ ತಂದದ್ದು ಹಿಮವೇ ಇರಬೇಕು ಎಂದು ಅವರು ಬರೆದರು. ಉಷ್ಣ ಭಾರತದಲ್ಲಿ ಹಿಮವೆ ಎಂದು ಎಷ್ಟೋ ಜನ ನಂಬಲಿಲ್ಲ. 1875ರಲ್ಲಿ ಫ್ರಾನ್ಸಿಸ್ ಫೆಡ್ಡನ್ ಚಂದ್ರಪುರ ಪ್ರಾಂತದಲ್ಲಿ, ಪೆನ್‌ಗಂಗಾ ನದಿಯ ಬಳಿಯ ಇರೈ ಎಂಬ ಹಳ್ಳಿಯಲ್ಲಿ, ಆ ಪದರದ ಅಡಿಯ ಸುಣ್ಣಕಲ್ಲಿನ ಹಾಸನ್ನು ಕಂಡರು. ಹಾಸು ನುಣ್ಣಗೆ ಉಜ್ಜಿದಂತಿತ್ತು, ಅದರ ಮೇಲೆ ಉದ್ದುದ್ದ ಗೀರುಗಳಿದ್ದವು. ರಾಯಚೂರಿನಿಂದ ನೇರ ಗೆರೆ ಎಳೆದರೆ ಆ ಜಾಗ 500 ಕಿ.ಮೀ. ಒಳಗೇ ಇದೆ. ಹಿಮನದಿಯ ಹೆಜ್ಜೆ ಕಾಣಲು ಸ್ವಾಲ್ಬಾರ್ಡಿಗೇ ಹೋಗಬೇಕೆಂದಿಲ್ಲ ನೋಡಿ.

ಅದು ಸುಮಾರು 30 ಕೋಟಿ ವರ್ಷ ಹಿಂದಿನ ಮಾತು. ಆಗ ಭಾರತ, ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ, ಅಂಟಾರ್ಕ್‌ಟಿಕಾ ಎಲ್ಲ ಒಂದಾಗಿ ಗೋಂಡ್ವಾನಾ ಎಂಬ ಖಂಡವಾಗಿ ದಕ್ಷಿಣ ಧ್ರುವದ ಬಳಿ ಇದ್ದವು. ಹಿಮ ಹಿಂದೆ ಸರಿದ ಮೇಲೆ ಆ ಜೌಗು ನೆಲದಲ್ಲಿ ಗ್ಲಾಸಾಪ್ಟೆರಿಸ್ ಎಂಬ ಉದ್ದ ನಾಲಗೆಯಂಥ ಎಲೆಯ ಮರಗಳು ಬೆಳೆದವು. ಅವು ಕೊಳೆತು ಅದುಮಿ ಆದದ್ದು ಸಿಂಗರೇಣಿಯ, ತಾಲ್ಚೇರಿನ ಕಲ್ಲಿದ್ದಲು. ರಾಯಚೂರಿನ ನೆಲದಲ್ಲಿ ಆ ಕಾಲದ ಪದರವೇ ಇಲ್ಲ. ನಮ್ಮ ಪಾಲಿಗೆ ಅದು ರೈಲಿನಲ್ಲಿ ಬಂದಿದೆ.

ಈ ಎಲೆಗೆ ಇನ್ನೊಂದು ಕಥೆ ಅಂಟಿಕೊಂಡಿದೆ. 1912ರ ಜನವರಿಯಲ್ಲಿ ದಕ್ಷಿಣ ಧ್ರುವ ಮುಟ್ಟಿದ ಕ್ಯಾಪ್ಟನ್ ಸ್ಕಾಟ್ ಮತ್ತು ಸಂಗಡಿಗರು, ಅಮುಂಡ್ಸೆನ್ ತಮಗಿಂತ ಮೊದಲೇ ಬಂದು ಹೋದದ್ದನ್ನು ಕಂಡು ಸೋತ ಮೋರೆಯಲ್ಲಿ ಹಿಂತಿರುಗುತ್ತಿದ್ದರು. ಫೆಬ್ರವರಿಯಲ್ಲಿ ಬಿಯರ್ಡ್‌ಮೋರ್ ಹಿಮನದಿಯ ಪಕ್ಕದ ಬಂಡೆಗಳ ಬಳಿ ಡಾಕ್ಟರ್ ವಿಲ್ಸನ್ ನಿಂತು ಕಲ್ಲು ಆರಿಸಿದರು. ಸುಮಾರು 16 ಕಿಲೋ. ಮೈಯಲ್ಲಿ ಕಸುವಿಲ್ಲ, ಅನ್ನ ತೀರುತ್ತಿದೆ. ಆದರೂ ಜಾರುಬಂಡಿಯಿಂದ ಆ ಕಲ್ಲನ್ನು ಇಳಿಸಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಹುಡುಕಿ ಹೋದವರಿಗೆ ಹೆಣಗಳ ಜೊತೆ ಕಲ್ಲುಗಳೂ ಸಿಕ್ಕವು. ಇಂಗ್ಲೆಂಡಿಗೆ ತಂದು ನೋಡಿದರೆ ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಲೆಯ ಅಚ್ಚು. ಅಂಟಾರ್ಕ್‌ಟಿಕಾವೂ ಭಾರತವೂ ಒಂದೇ ನೆಲವಾಗಿದ್ದವು ಎಂಬುದಕ್ಕೆ ಅದು ಗಟ್ಟಿ ಪುರಾವೆ ಆಯಿತು. ತಂದ ಕಲ್ಲುಗಳ ಪೈಕಿ ಇದಕ್ಕಿಂತ ದುಬಾರಿಯಾದದ್ದು ನನಗೆ ತಿಳಿದಿಲ್ಲ.

ನ್ಯೂ-ಓಲೆಸುಂಡ್ ಕೂಡ ಹುಟ್ಟಿದ್ದು ಕಲ್ಲಿದ್ದಲ ಊರಾಗಿಯೇ. 1916ರಲ್ಲಿ ಗಣಿ ಕಂಪನಿ ಅಲ್ಲಿ ನೆಲೆಯೂರಿತು. ಅಲ್ಲಿನ ಕಲ್ಲಿದ್ದಲು ನಮ್ಮದಕ್ಕಿಂತ ತೀರ ಎಳೆಯದು, ಆರು ಕೋಟಿ ವರ್ಷದ್ದು. 1962ರ ನವೆಂಬರಿನ ಸ್ಫೋಟದಲ್ಲಿ 21 ಕೆಲಸಗಾರರು ಸತ್ತರು. ಮುಂದಿನ ವರ್ಷ ಗಣಿ ಮುಚ್ಚಿತು, ಅದೇ ಪ್ರಕರಣದಲ್ಲಿ ನಾರ್ವೆಯ ಸರ್ಕಾರವೂ ಬಿತ್ತು. ಗಣಿಯವರು ಬಿಟ್ಟುಹೋದ ಊರಿಗೆ ವಿಜ್ಞಾನಿಗಳು ಬಂದರು. ಊರ ಹಿಂದಿನ ಜೆಪ್ಪೆಲಿನ್ ಬೆಟ್ಟದ ಮೇಲಿನ ವೀಕ್ಷಣಾಲಯ ಈಗ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಅಳೆಯುತ್ತದೆ. ಶಕ್ತಿನಗರದ ಚಿಮಣಿಯಿಂದ ಹೊರಟದ್ದಕ್ಕೂ ಆ ಲೆಕ್ಕದಲ್ಲಿ ಪಾಲಿದೆ, ಜರ್ಮನಿ ಚೀನಾಗಳದ್ದಕ್ಕೂ ಇದೆ; ಗಾಳಿಯಲ್ಲಿ ಬೆರೆತ ಮೇಲೆ ಇದು ಯಾರದು ಎಂದು ವಿಂಗಡಿಸಿ ಹೇಳುವುದು ಕಷ್ಟ. ಪಕ್ಕದ ಆಸ್ಟ್ರೆ ಬ್ರೋಗರ್‌ಬ್ರೇನ್ ಎಂಬ ಸಣ್ಣ ಹಿಮನದಿಯ ಆದಾಯ-ವೆಚ್ಚವನ್ನು, ಅಂದರೆ ಚಳಿಗಾಲದಲ್ಲಿ ಬಿದ್ದ ಹಿಮ, ಬೇಸಿಗೆಯಲ್ಲಿ ಕರಗಿದ ಹಿಮ ಎರಡನ್ನೂ, 1967ರಿಂದ ವರ್ಷ ತಪ್ಪದೆ ಬರೆದಿಟ್ಟಿದ್ದಾರೆ. ಹೆಚ್ಚೂಕಡಿಮೆ ಎಲ್ಲ ವರ್ಷವೂ ಖರ್ಚೇ ಜಾಸ್ತಿ.

ಹಿಮದ ಲೆಕ್ಕ ನಮಗೇಕೆ ಎಂದು ದೇವದುರ್ಗದ ಒಣಬೇಸಾಯದ ರೈತರು ಕೇಳಿದರೆ ಅದಕ್ಕೂ ಹಳೆಯ ಉತ್ತರವಿದೆ. ತಾಲ್ಚೇರಿನಲ್ಲಿ ಹಿಮದ ಗುರುತು ಕಂಡ ಮೂವರಲ್ಲಿ ಹೆನ್ರಿ ಬ್ಲಾನ್‌ಫೋರ್ಡ್ ಮುಂದೆ 1875ರಲ್ಲಿ ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥರಾದರು. ಮರುವರ್ಷವೇ ದಖ್ಖನ್ನಿನಲ್ಲಿ ಮಳೆ ಕೈಕೊಟ್ಟು 1876-78ರ ಭೀಕರ ಬರ ಬಂತು. ಮಳೆಯನ್ನು ಮೊದಲೇ ಅಂದಾಜು ಮಾಡಲು ಸಾಧ್ಯವೇ ಎಂದು ಹುಡುಕುತ್ತ ಅವರು 1884ರಲ್ಲಿ ಒಂದು ಮಾತು ಮುಂದಿಟ್ಟರು: ಹಿಮಾಲಯದಲ್ಲಿ ಹಿಮ ವಿಪರೀತ ಬಿದ್ದ ವರ್ಷ ಮುಂಗಾರು ದುರ್ಬಲವಾಗುತ್ತದೆ. ಆಮೇಲೆ ಲೆಕ್ಕ ಜಟಿಲವಾಗಿದೆ, ಆ ಸಂಬಂಧ ಎಲ್ಲ ಕಾಲಕ್ಕೂ ಒಂದೇ ರೀತಿ ನಿಂತಿಲ್ಲ. ಆದರೆ ಎಲ್ಲಿಯೋ ಬಿದ್ದ ಹಿಮಕ್ಕೂ ಎಡೆದೊರೆಯ ಮಳೆಗೂ ನಂಟು ಹುಡುಕುವ ದಾರಿ ತೆರೆದವರು ಅವರು. 2014ರಲ್ಲಿ ಭಾರತೀಯರು ಕಾಂಗ್ಸ್‌ಫ್ಯೋರ್ಡಿನ ನೀರಿನಲ್ಲಿ ಇಂಡ್‌ಆರ್ಕ್ ಎಂಬ ಮಾಪನ ಸರಪಳಿಯನ್ನು ಇಳಿಬಿಟ್ಟು ಬಿಸಿ, ಉಪ್ಪು, ಹರಿವು ಅಳೆಯಲು ತೊಡಗಿದ್ದಕ್ಕೂ ಆರ್ಕ್‌ಟಿಕ್-ಮುಂಗಾರಿನ ಇದೇ ನಂಟು ಒಂದು ಕಾರಣ. 2023ರ ಡಿಸೆಂಬರಿನಲ್ಲಿ ಹಿಮಾದ್ರಿಗೆ ಮೊದಲ ಚಳಿಗಾಲದ ತಂಡ ಹೊರಟಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಅದರಲ್ಲಿದ್ದರು. ಅವರ ಕೆಲಸ ಕಲ್ಲಿನದಲ್ಲ, ಆಕಾಶದ ರೇಡಿಯೋ ಸಪ್ಪಳದ್ದು. ಇನ್ನೊಂದು ತಂಡದಲ್ಲಿ ರಾಯಚೂರು ಸೀಮೆಯ ಕಲ್ಲು ಬಲ್ಲ ಹುಡುಗಿಯೋ ಹುಡುಗನೋ ಹೋದರೆ ನನಗೆ ಸಂತೋಷ. ಗುಂಡಿನ ಮೈ ನೋಡಿ ಇದು ಇಲ್ಲಿನದು, ಇದು ಹೊರಗಿನದು ಎನ್ನುವ ಕಣ್ಣು ಈ ನೆಲದವರಿಗೆ ಬೇಗ ಬರುತ್ತದೆ.

ಕೊನೆಗೆ ನಕ್ಷೆ ಬರೆಯುವ ವಿದ್ಯಾರ್ಥಿಗಳಿಗೆ ಒಂದು ಮಾತು. ಮ್ಯಾನ್ಸ್‌ಫೀಲ್ಡ್ ಕಲ್ಲು ಒಡೆದ ಬ್ಲೂಮ್‌ಸ್ಟ್ರಾಂಡ್ ಹೆಸರಿನಲ್ಲೇ ಪರ್ಯಾಯದ್ವೀಪ. ಹಳೆಯ ನಕ್ಷೆಗಳಲ್ಲಿ ಹಿಮನದಿ ಅದನ್ನು ಹಿಂದಿನ ನೆಲಕ್ಕೆ ಸೇರಿಸಿ ಹಿಡಿದಿತ್ತು. 1990ರ ದಶಕದ ಆರಂಭದಲ್ಲಿ ಹಿಮ ಹಿಂದೆ ಸರಿದಾಗ ನಡುವೆ ಸಮುದ್ರದ ನೀರು ಕಾಣಿಸಿತು; ಕೆಳಗೆ ನೆಲದ ಸೇತುವೆಯೇ ಇರಲಿಲ್ಲ. ಕೃಷ್ಣೆಯ ಕುರುವಪುರದಂತೆ ಅದೂ ನಡುಗಡ್ಡೆಯೇ. ಹಡಗುಗಳು ಈಗ ಅದರ ಹಿಂದಿನಿಂದ ಹಾದು ಬರುತ್ತವೆ. ಹೆಸರು ಮಾತ್ರ ಇನ್ನೂ ತಿದ್ದಿಲ್ಲ. ಕ್ರೋನೆಬ್ರೇನ್ 2011ರಿಂದೀಚೆಗೆ ಬಿರುಸಿನಿಂದ ಹಿಮ್ಮೆಟ್ಟುತ್ತಿದೆ, ಆದ್ದರಿಂದ ಇಂಥ ತಿದ್ದುಪಡಿಗಳು ಇನ್ನೂ ಬರಲಿವೆ. ನಿಮ್ಮ ಕಾಲೇಜಿನ ಗ್ರಂಥಾಲಯದ ಅಟ್ಲಾಸಿನಲ್ಲಿ ಆ ಜಾಗ ಹೇಗೆ ಬರೆದಿದ್ದಾರೆ ಎಂದು ನಾಳೆಯೇ ತೆಗೆದು ನೋಡಿ, ಮುದ್ರಣದ ವರ್ಷವನ್ನೂ ನೋಡಿ.

ಪ್ರಶ್ನೆಗಳಿಗೆ ಅರ್ಧ ಗಂಟೆ ಉಳಿಸಿಕೊಂಡಿದ್ದೇನೆ. ಮಾನ್ವಿ, ದೇವದುರ್ಗದ ಕಡೆ ಹೋಗುವವರು ಕೊನೆಯ ಬಸ್ಸು ಹಿಡಿಯಬೇಕು, ಅವರ ಪ್ರಶ್ನೆ ಮೊದಲು ತೆಗೆದುಕೊಳ್ಳೋಣ.